ಬಾಲದ ಮಾಮ

ನನ್ನ ಬರಹ ಕಾಗೆ ಕಾಲು ಗುಬ್ಬಿ ಕಾಲಿನಂತಿದೆ, ಪದಗಳೂ ಸಾಲವು, ದಯವಿಟ್ಟು ಕ್ಷಮಿಸಿ. ನಮ್ಮ ದೂರನಡಿಗೆ ಸಂಘದಲ್ಲಿ ಯಾರೂ ದಾರಿ ತಪ್ಪಬಾರದೆಂದು ಎಲ್ಲರ ಹಿಂದೆ ಒಬ್ಬರು ನಡೆಯುವ ಪದ್ಧತಿಯಿದೆ. ಸಂಬಳವಿಲ್ಲದ ಆ ಕೆಲಸ ನಾವೆಲ್ಲ ಬಾಲದ ಮಾಮ ಎಂದು ಕರೆಯುವ ಹಿರಿಯರದು. ಅದು ಅವರಿಗೆ ಎಷ್ಟು ಮೈಗೂಡಿದೆಯೆಂದರೆ, ಎಲ್ಲರನ್ನೂ ಬಸ್ಸು ಹತ್ತಿಸಿ, ಬಸ್ಸು ಹೊರಟ ಮೇಲೆ ತೃಪ್ತಿಯಿಂದ ಅದರ ಹಿಂದೆ ನಡೆದುಕೊಂಡು ಬರುತ್ತಾರೆ. ಅತ್ತೆ "ರೀ, ಊಟಕ್ಕೆ ಬನ್ನಿ" ಎಂದರೆ "ಇರೇ, ಬೆಕ್ಕು ಇನ್ನೂ ಹಿಂದಿದೆ" ಅನ್ನುತ್ತಾರೆ. ಒಮ್ಮೆ ದಾರಿ ದಾಟುತ್ತಿದ್ದ ಆಮೆಯನ್ನು ಹಿಂದೆ ಹಾಕಲು ಮನಸ್ಸಾಗದೆ, ಅದರ ಜೊತೆ ಕೆರೆಗೇ ಇಳಿದಿದ್ದರು. ನಾನು ಶಾಲೆ ಬಿಟ್ಟಿದ್ದೇ ಎಲ್ಲದರಲ್ಲೂ ಹಿಂದೆ ಎಂಬ ನಾಚಿಕೆಗೆ. ಸಂಘದಲ್ಲೂ ನನ್ನದು ನಿಧಾನದ ನಡಿಗೆ. "ನಾನೇ ಕೊನೆ ಅಲ್ವಾ ಮಾಮ?" ಎಂದು ಒಂದು ದಿನ ಕೇಳಿದೆ. "ಹೋಗೇ, ನನ್ನ ಪದವಿ ಮೇಲೆ ಕಣ್ಣು ಹಾಕ್ಬೇಡ!" ಎಂದು ಗದರಿ, ಸರಿಯಾಗಿದ್ದ ತಮ್ಮ ಶೂ ದಾರವನ್ನು ತಾವೇ ಬಿಚ್ಚಿ, ಕಟ್ಟುತ್ತಾ ಕುಳಿತರು. ನಾನು ಮುಂದೆ ಹೋಗುವವರೆಗೂ ಏಳಲಿಲ್ಲ. ಈಗ ಅವರ ಮಂಡಿ ಸೋತಿದೆ. "ಬಾಲಕ್ಕೋಸ್ಕರ ತಲೆ ಎಷ್ಟೊತ್ತು ಕಾಯ್ಬೇಕು?" ಎಂದು ಮುಂದಿನವರು ಗೊಣಗುವುದನ್ನು ಕೇಳಿ, ಮಾಮ ಇನ್ನು ಬರುವುದಿಲ್ಲ ಎಂದಿದ್ದಾರೆ. ಬರುವ ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋಗಿ ನಡಿಗೆಗೆ ಕರೆತಂದು, ನಾನು ಅವರ ಹಿಂದೆ ನಡೆಯುತ್ತೇನೆ.