ಕೀಲು ಹಾಕುವ ಭಾನುವಾರ

ಮೂಳೆ ಮತ್ತು ಕೀಲಿನ ಡಾಕ್ಟರನಾದ ನಾನು ಆ ವರ್ಷ ಮಲೇಷ್ಯಾದ ಮೆಲಾಕಾದಲ್ಲಿ ನೊಣ ಹೊಡೆಯುತ್ತ ಕೂತಿದ್ದೆ ಎಂದರೆ ಯಾರೂ ನಂಬುವುದಿಲ್ಲ. ಕೊರೊನಾ ಕಾಲ. ತುರ್ತಲ್ಲದ ಆಪರೇಷನ್‌ಗಳೆಲ್ಲ ಮುಂದಕ್ಕೆ ಹೋಗಿದ್ದವು. ಊಟದ ಮೇಜಿನ ಒಂದು ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಪ್ಲಾಸ್ಟಿಕ್ ಮಂಡಿಯೊಂದನ್ನು ಎತ್ತಿ ತೋರಿಸುತ್ತ, ಕ್ಯಾಮೆರಾ ಆಫ್ ಮಾಡಿ ಮಲಗಿರುವ ಮೆಡಿಕಲ್ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದೆ. ಇನ್ನೊಂದು ತುದಿಯಲ್ಲಿ ಒಂಬತ್ತು ವರ್ಷದ ಮಗಳ ಶಾಲೆ. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಬೈದರೂ ಅಷ್ಟೆ, ಮುದ್ದು ಮಾಡಿದರೂ ಅಷ್ಟೆ.

ನನ್ನ ತಲೆನೋವು ಉಡುಪಿಯಲ್ಲಿತ್ತು. ಅಕ್ಕನ ಮನೆಯಲ್ಲಿದ್ದ ಅಮ್ಮನ ಬಲಮಂಡಿ ಪೂರ್ತಿ ಸವೆದಿತ್ತು. ಹೊಸ ಕೀಲು ಹಾಕಿಸಲೇಬೇಕು. ಮಣಿಪಾಲದಲ್ಲಿ ನನ್ನ ಸಹಪಾಠಿಯೇ ಇದ್ದ, ಒಳ್ಳೆಯ ಕೈಗುಣದವನು, ಅಲ್ಲಿ ಆಪರೇಷನ್‌ಗಳೂ ಮತ್ತೆ ಶುರುವಾಗಿದ್ದವು. ಅಮ್ಮನದು ಮಾತ್ರ ಒಂದೇ ಹಟ.

"ಮಗನೇ ಕೀಲಿನ ಡಾಕ್ಟ್ರು. ಬೇರೆಯವರ ಕೈಗೆ ಕಾಲು ಕೊಡ್ಲಿಕ್ಕೆ ನಂಗೆಂತ ಮರುಳಾ? ನೀನು ಬಾ, ಮತ್ತೆ ನೋಡುವ."

ಬರುವುದು ಹೇಗೆ? ವಿಮಾನಗಳಿಲ್ಲ. ಹೇಗೋ ಹೋದರೂ ಮಲೇಷ್ಯಾದವರು ತಿರುಗಿ ಒಳಗೆ ಬಿಡುತ್ತಾರೆಂಬ ಖಾತ್ರಿಯಿಲ್ಲ. ಪ್ರತಿ ವಿಡಿಯೊ ಕಾಲ್‌ನಲ್ಲೂ ಅಮ್ಮ ಹಿಂದಿನ ಸಲಕ್ಕಿಂತ ಕಡಿಮೆ ನಡೆಯುತ್ತಿದ್ದಳು. ಬಚ್ಚಲಿಗೆ ಹೋಗಲೂ ಅಕ್ಕನ ಹೆಗಲು ಬೇಕಾಯಿತು. ಹೀಗೇ ಬಿಟ್ಟರೆ ಹಾಸಿಗೆ ಹಿಡಿಯುತ್ತಾಳೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಫೋನ್ ಇಟ್ಟ ಮೇಲೆ ಸಿಟ್ಟು ಬರುತ್ತಿತ್ತು, ಆಮೇಲೆ ಹೆದರಿಕೆ.

ಅಷ್ಟರಲ್ಲಿ ಮಗಳ ಶಾಲೆಯವರು ಒಂದು ಪ್ರಾಜೆಕ್ಟ್ ಕೊಟ್ಟರು: ಯಾವುದಾದರೂ ದೊಡ್ಡ ಯಂತ್ರದ ಮೊದಲ ದಿನವನ್ನು ಮನೆಯಲ್ಲೇ ಆಡಿ ತೋರಿಸಬೇಕು. ಉಳಿದ ಮಕ್ಕಳು ರೈಲು, ವಿಮಾನ ಹಿಡಿದರೆ ನಮ್ಮವಳು ಅಮೆರಿಕದ ಮೊಟ್ಟಮೊದಲ ಅಣುಶಕ್ತಿ ಜಲಾಂತರ್ಗಾಮಿಯನ್ನು ಹಿಡಿದುಕೊಂಡಳು. ಹಡಗು ಕಟ್ಟುವಾಗ ಮೊದಲು ಅದರ ಬೆನ್ನೆಲುಬನ್ನು, ಅಂದರೆ ತಳದ ಉದ್ದನೆಯ ತೊಲೆಯನ್ನು ಇಡುತ್ತಾರೆ. ಇಂಗ್ಲಿಷಿನಲ್ಲಿ ಅದು ಕೀಲ್. ನಮ್ಮ ಗುದ್ದಲಿ ಪೂಜೆಯ ಹಾಗೆ ಅದಕ್ಕೂ ಒಂದು ಸಮಾರಂಭ. ವ್ಯತ್ಯಾಸವೆಂದರೆ ಅವರು ಪೂಜೆಯ ಮೇಲೆ ಕೆಲಸವನ್ನೂ ಮುಗಿಸುತ್ತಾರೆ. ಆ ದಿನ ದೇಶದ ಅಧ್ಯಕ್ಷರೇ ಬಂದು ಉಕ್ಕಿನ ಹಾಳೆಯ ಮೇಲೆ ಸೀಮೆಸುಣ್ಣದಲ್ಲಿ ತಮ್ಮ ಹೆಸರಿನ ಮೊದಲಕ್ಷರಗಳನ್ನು ಬರೆದರಂತೆ, ವೆಲ್ಡರ್ ಅದರ ಮೇಲೆಯೇ ವೆಲ್ಡಿಂಗ್ ಮಾಡಿದನಂತೆ. ಕೊನೆಗೆ, ಕೀಲ್ ಸರಿಯಾಗಿ ಕೂತಿದೆ ಎಂದು ಎಲ್ಲರೆದುರು ಘೋಷಣೆ.

ನನ್ನ ಸ್ಟೀಲ್ ಸ್ಕೇಲು ಕೀಲ್ ಆಯಿತು. ಕೆಳಗಿನ ಮಾಮಾಕ್ ಹೋಟೆಲಿನಿಂದ ಊಟ ತಪಾವ್, ಅಂದರೆ ಪಾರ್ಸೆಲ್, ತಂದ ಡಬ್ಬಿಗಳಿಗೆ ಅಡುಗೆಮನೆಯ ಫಾಯಿಲ್ ಸುತ್ತಿದರೆ ಹಡಗಿನ ಒಡಲಾಯಿತು. ಮುಖ್ಯ ಅತಿಥಿ ಬೇಕಲ್ಲ? ಮಗಳು ಉಡುಪಿಗೆ ಫೋನ್ ಮಾಡಿದಳು.

"ಅಜ್ಜಿ, ದಿಸ್ ಸಂಡೇ ಕೀಲ್ ಲೇಯಿಂಗ್. ಯು ಮಸ್ಟ್ ಕಮ್, ಓಕೆ ಲಾ?"

"ಕೀಲಾ? ಸಂಡೇಯಾ? ಅಪ್ಪ ಇರ್ತಾನಾ?"

"ಯೆಸ್, ಅಪ್ಪ ಆಲ್ಸೋ."

"ಹಾಗಾದ್ರೆ ಆಯ್ತು."

ಅಡುಗೆಮನೆಯಲ್ಲಿದ್ದ ನನಗೆ ಇದು ಅರೆಬರೆ ಕೇಳಿಸಿತು. ಅಜ್ಜಿ ಮೊಮ್ಮಗಳು ಮಾತಾಡಿಕೊಳ್ಳುತ್ತಿದ್ದಾರೆ ಎಂದು ಖುಷಿಪಟ್ಟು ಸುಮ್ಮನಾದೆ.

ಭಾನುವಾರ ವಿಡಿಯೊ ಹಚ್ಚಿದರೆ ಅಮ್ಮ ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು ಕೂತಿದ್ದಾಳೆ. ಬಲಗಾಲು ಸ್ಟೂಲಿನ ಮೇಲೆ. ಸೀರೆ ಮಂಡಿಯ ತನಕ ಸರಿಸಿದ್ದಾಳೆ.

"ನಾನು ತಯಾರು ಮಗಾ. ಬೆಳಿಗ್ಗೆಯಿಂದ ನೀರೂ ಕುಡೀಲಿಲ್ಲ, ಆಪರೇಷನ್‌ಗೆ ಹೊಟ್ಟೆ ಖಾಲಿ ಇರ್ಬೇಕಲ್ಲ. ಗಾಡಿ ಎಷ್ಟೊತ್ತಿಗೆ ಬರ್ತದೆ? ನೀನು ಅಲ್ಲಿಂದಲೇ ಕಂಪ್ಯೂಟರಲ್ಲಿ ಹೇಳಿಕೊಡ್ತಿಯಲ್ಲ?"

ಫೋನ್ ಹಿಡಿದಿದ್ದ ಅಕ್ಕ ಹಿಂದಿನಿಂದ, "ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದು ರೇಗಿದಳು.

ವಿಷಯ ತಿಳಿದಾಗ ನಾನು ಬಿದ್ದು ಬಿದ್ದು ನಕ್ಕೆ. ಅಮ್ಮನೂ ನಕ್ಕಳು. ನಕ್ಕು, ಮೆಲ್ಲಗೆ ಸೀರೆಯನ್ನು ಮಂಡಿಯ ಮೇಲೆ ಎಳೆದುಕೊಂಡಳು. ಅದನ್ನು ನೋಡಿ ನನ್ನ ನಗು ನಿಂತಿತು. ಇವಳಿಗೆ ನನ್ನ ಕತ್ತಿ ಬೇಕಿರಲಿಲ್ಲ. ನಾನು ದಿನ ಇಟ್ಟು, ಜೊತೆಗಿರುತ್ತೇನೆ ಎಂದರೆ ಸಾಕಿತ್ತು.

ಮಗಳಿಗೆ ಇದಾವುದರ ಪರಿವೆಯಿಲ್ಲ. "ಅಜ್ಜಿ, ಕ್ಯಾನ್ ವಿ ಸ್ಟಾರ್ಟ್?" ಎಂದು ಅಧ್ಯಕ್ಷರ ಕಥೆ ಶುರುಮಾಡಿದಳು. ನಾನು ಕನ್ನಡ ಮಾಡಿ ಹೇಳಿದೆ. ಅಮ್ಮನಿಗೆ ಒಂದು ಅನುಮಾನ.

"ಆ ಅಧ್ಯಕ್ಷರಿಗೆ ವೆಲ್ಡಿಂಗ್ ಬರ್ತದಾ?"

"ಇಲ್ಲಮ್ಮ. ಅಕ್ಷರ ಮಾತ್ರ ಅವರದ್ದು. ಕೆಲಸ ವೆಲ್ಡರಿನದ್ದು."

ಅಮ್ಮ ಸ್ವಲ್ಪ ಹೊತ್ತು ಫಾಯಿಲ್ ಹಡಗನ್ನು ನೋಡಿದಳು. "ಹಾಗಾದ್ರೆ ನೀನೂ ಅಕ್ಷರ ಬರೆದ್ರೆ ಸಾಕು ಮಗಾ. ಕೆಲಸ ನಿನ್ನ ದೋಸ್ತಿ ಮಾಡ್ಲಿ."

ಮಗಳು ಸ್ಕೇಲಿನ ಮೇಲೆ ಅಜ್ಜಿಯ ಹೆಸರಿನ ಮೊದಲಕ್ಷರ ಬರೆದಳು. ಮುಖ್ಯ ಅತಿಥಿ ಗಂಟಲು ಸರಿಮಾಡಿಕೊಂಡು ಘೋಷಿಸಿದಳು: "ಕೀಲು ಸರಿ ಕೂತಿದೆ!" ಆಮೇಲೆ ಅಕ್ಕನಿಗೆ ದೋಸೆ ಹುಯ್ಯಲು ಹೇಳಿದಳು.

ಆಪರೇಷನ್‌ಗೆ ಮುಂಚೆ ತಪ್ಪು ಕಾಲಿಗೆ ಕೈ ಹಾಕಬಾರದೆಂದು ನಾವು ಸರ್ಜನ್‌ಗಳು ಸರಿಯಾದ ಕಾಲಿನ ಮೇಲೆ ಬಾಣದ ಗುರುತು ಹಾಕಿ ನಮ್ಮ ಹೆಸರಿನ ಮೊದಲಕ್ಷರ ಬರೆಯುತ್ತೇವೆ. ಮಣಿಪಾಲದಲ್ಲಿ ಅಮ್ಮನ ಆಪರೇಷನ್ನಿನ ದಿನ ಬೆಳಿಗ್ಗೆ ಸಹಪಾಠಿ ಅವಳ ಮಂಡಿಯ ಫೋಟೊ ಕಳಿಸಿದ. ಬಾಣ ಇತ್ತು, ಅವನ ಅಕ್ಷರ ಇತ್ತು, ಪಕ್ಕದಲ್ಲಿ ನನ್ನದೂ ಇತ್ತು. "ನಿನ್ನ ಅಮ್ಮ ಬಿಡ್ಲೇ ಇಲ್ಲ ಮಾರಾಯ," ಎಂದು ಬರೆದಿದ್ದ.

ಸಂಜೆ ಎಕ್ಸ್‌ರೇ ಬಂತು. ಹಿಂದೆಯೇ ಅಕ್ಕನ ವಿಡಿಯೊ ಕಾಲ್. ಇಂಥ ಎಷ್ಟೋ ಎಕ್ಸ್‌ರೇ ನೋಡಿದವನು ನಾನು. ಅವತ್ತು ಕಣ್ಣು ಮಂಜಾಗಿ ಏನೂ ಕಾಣಲಿಲ್ಲ.

"ಎಂತ ಮಗಾ, ಮಾತಾಡುದಿಲ್ಲ ಯಾಕೆ? ಸರಿ ಉಂಟಲ್ಲ?" ಹಾಸಿಗೆಯಿಂದ ಅಮ್ಮನ ದನಿ ನಡುಗಿತು.

ನಾನು ತಲೆಯಾಡಿಸಿದೆ. ಅಷ್ಟು ಸಾಲದು ಎಂದು ಮಗಳಿಗೆ ಅನಿಸಿರಬೇಕು. ನನ್ನ ಕೈಯಿಂದ ಫೋನ್ ತೆಗೆದುಕೊಂಡು, ನೆಟ್ಟಗೆ ನಿಂತು ಹೇಳಿದಳು:

"ಅಜ್ಜಿ, ಕೀಲು ಸರಿ ಕೂತಿದೆ."