ಮರಿಯ ಮೊಣಕಾಲು, ನನ್ನ ಮೊಂಡುತನ

ನಾಯಿಮರಿ ಹೇಗೆ ಕುಂಟುತ್ತದೆ ಎಂದು ದನದ ಡಾಕ್ಟರು ಕೇಳಿದಾಗ ನಾನು ತೋರಿಸಲಿಲ್ಲ. ಊರಿಗೆಲ್ಲ ತೋರಿಸಿದ್ದವಳು, ಅಲ್ಲಿ ಮಾತ್ರ ತೋರಿಸಲಿಲ್ಲ.

ಎರಡನೇ ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ನಾವು ಹೊನ್ನಾಳಿಯಲ್ಲಿದ್ದೆವು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಬೇಕಾದಷ್ಟು ಬಿಡುವು. ತಮ್ಮ ಸವಳಂಗದಿಂದ ತಂದಿದ್ದ ಮರಿ ಚೆನ್ನಾಗಿ ಓಡುತ್ತಿರುವಾಗಲೇ ಹಿಂದಿನ ಎಡಗಾಲೆತ್ತಿ ಕುಪ್ಪಳಿಸುತ್ತಿತ್ತು. ಆಮೇಲೆ ಆ ಕಾಲನ್ನೊಮ್ಮೆ ಹಿಂದಕ್ಕೆ ಝಾಡಿಸಿ, ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತಿತ್ತು. ನಾನು ಲಂಗ ಎತ್ತಿ ಕಟ್ಟಿ ಅದರಂತೆಯೇ ಕುಪ್ಪಳಿಸುತ್ತ ಅದರ ಹಿಂದೆ, ನನ್ನ ಹಿಂದೆ ಬೀದಿಯ ಹುಡುಗರು. ಬಾವಿಕಟ್ಟೆಯ ಹೆಂಗಸರು ಕೊಡ ಇಳಿಸಿ ನಗುತ್ತಿದ್ದರು.

ಅಪ್ಪನಿಗೆ ನಗು ಬರಲಿಲ್ಲ. "ಕಳ್ಳ ನಾಯಿ ಇದು. ಮನಸ್ಸಾದಾಗ ನೆಟ್ಟಗೇ ಓಡ್ತೈತಲ್ಲ! ಸಂತೆಗೆ ಬಂಡಿ ಹಿಂದೆ ಓಡಿದ್ರೆ ಸರಿಯಾಗ್ತೈತೆ" ಅಂದ.

ತಮ್ಮ ಹೆದರಿ ಮರಿಯನ್ನು ಎತ್ತಿಕೊಂಡು ದನದ ಆಸ್ಪತ್ರೆಗೆ ಹೊರಟ. ನಾನೂ ಹೋದೆ. ಡಾಕ್ಟರ ಮುಂದೆ ಬಿಟ್ಟರೆ ಮರಿ ಕುದುರೆಯಂತೆ ಓಡಿತು. ಅವರು ಪಾದ ನೋಡಿ, "ಮುಳ್ಳಿಲ್ಲ, ಗಾಯ ಇಲ್ಲ. ಹೇಗೆ ಕುಂಟುತ್ತೋ?" ಅಂದರು.

"ಅಕ್ಕನ್ನ ಕೇಳ್ರಿ ಸಾರ್, ಥೇಟ್ ಅದರಂಗೇ ಮಾಡ್ತಾಳೆ."

ನಾನು ಬೆಲ್ಲ ಕದ್ದದ್ದನ್ನು ಹಿಂದಿನ ದಿನ ಅವ್ವನಿಗೆ ಹೇಳಿದ್ದವನು ಇವನೇ. "ನಂಗೇನು ಗೊತ್ತು? ನಾನೇನು ನಾಯಿನಾ?" ಅಂದೆ. ಅಲ್ಲಿದ್ದವರೆಲ್ಲ ನಕ್ಕರು. ನನಗೆ ಬಲು ಖುಷಿಯಾಯಿತು.

ಸಂತೆಯ ದಿನ ಮರಿ ನ್ಯಾಮತಿಗೆ ಬಂಡಿಯ ಹಿಂದೆ ಓಡಿತು. ಸಂಜೆ ಅಪ್ಪನ ತೊಡೆಯ ಮೇಲೆ ಮಲಗಿ ಬಂತು. ಮೊಣಕಾಲು ಊದಿತ್ತು, ಕಾಲು ಊರುತ್ತಲೇ ಇರಲಿಲ್ಲ. ತಮ್ಮ ಯಾರನ್ನೂ ಬಯ್ಯಲಿಲ್ಲ. ನನ್ನ ಪಕ್ಕ ಊಟಕ್ಕೆ ಕೂರಲಿಲ್ಲ, ಅಷ್ಟೇ.

ಬೆಳಿಗ್ಗೆ ನಾನೇ ಮರಿಯನ್ನು ಹೊತ್ತು ನಡೆದೆ. ತಮ್ಮ ದೂರದಲ್ಲಿ ಹಿಂದೆ ಬಂದ.

"ಗಾಲಿ ತಾಗಿತೇನು?" ಎಂದರು ಡಾಕ್ಟರು.

ನಾನು ಲಂಗ ಕಟ್ಟಿ ಕುಪ್ಪಳಿಸಿದೆ, ಕಾಲು ಝಾಡಿಸಿದೆ. ಎತ್ತು ಹಿಡಿದು ನಿಂತಿದ್ದ ಮುದುಕ, "ಈ ಹುಡುಗಿಗೆ ಯಾವ ರೋಗ ರೀ?" ಅಂದ. ಡಾಕ್ಟರು ನಗಲಿಲ್ಲ.

"ಇನ್ನೊಂದ್ಸಲ ಮಾಡಮ್ಮಾ."

ಮತ್ತೆ ಮಾಡಿದೆ. ಅವರು ಮರಿಯ ಮೊಣಕಾಲನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಮಡಚಿ, ಬಿಡಿಸಿದರು. "ಚಿಪ್ಪು ಜಾರುತ್ತೆ. ಜಾರಿದಾಗ ಕಾಲೆತ್ತುತ್ತೆ, ಝಾಡಿಸಿದಾಗ ಜಾಗಕ್ಕೆ ಬರುತ್ತೆ. ಕೆಲವು ಮರಿಗಳಿಗೆ ಹುಟ್ಟಿನಿಂದಲೇ ಹೀಗೆ. ಅವತ್ತೇ ಗೊತ್ತಾಗಿದ್ರೆ ಓಡಿಸಬೇಡಿ ಅಂತಿದ್ದೆ."

ಊತ ಇಳಿಯಿತು, ಕುಂಟು ಹೆಚ್ಚಿತು. ಅಪ್ಪ ಮತ್ತೆ ಅದನ್ನು ಬಂಡಿ ಹಿಂದೆ ಕರೆಯಲಿಲ್ಲ. ತಮ್ಮನಿಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ತಮಾಷೆಯ ಮಾತೇ ಹೊರಡುತ್ತಿತ್ತು.

ಕೆಲವು ವರ್ಷ ಕಳೆದು ನನ್ನನ್ನು ಜಗಳೂರಿಗೆ ಕೊಟ್ಟರು. ಹೊರಡುವ ಹೊತ್ತಿಗೆ ತಮ್ಮನನ್ನು ಹಿತ್ತಲಿಗೆ ಕರೆದೆ.

"ಅವತ್ತು ಬೇಕಂತಲೇ ತೋರಿಸಲಿಲ್ಲ ಕಣೋ. ನಿನ್ನ ಮೇಲಿನ ಸಿಟ್ಟಿಗೆ ಅದರ ಕಾಲು ಹೋಯ್ತು. ನಂದೇ ತಪ್ಪು, ಕ್ಷಮಿಸೋ."