ಎರಡು ವರ್ಷ ಕಾದ ನೀಲಿ ಬೆಳಕು

ಕಳೆದ ಮಂಗಳವಾರ ಸಂಜೆ ನಾಲ್ಕಕ್ಕೆ ನನ್ನ ಅಣು ನೀಲಿಯಾಗಿ ಬೆಳಗಿತು. ಲ್ಯಾಬಿನಲ್ಲಿ ಒಬ್ಬಳೇ ನಿಂತು ಜೋರಾಗಿ ಕೂಗಿದೆ. ಯಾರೂ ಬರಲಿಲ್ಲ. ಬರುವುದಕ್ಕೆ ಯಾರಿದ್ದರು? ಮೂರೂವರೆಯ ಗದಗ ಬಸ್ಸು ಹೊರಟಿತೆಂದರೆ ರೋಣದ ನಮ್ಮ ಕಾಲೇಜಿನ ಸ್ಟಾಫ್ ರೂಮು ಖಾಲಿ.

ಸ್ವಲ್ಪ ಕೆಮಿಸ್ಟ್ರಿ ಹೇಳುತ್ತೇನೆ, ಪುಟ ತಿರುವಬೇಡಿ. ನಿಮ್ಮ ದುಬಾರಿ ಫೋನಿನ ಪರದೆಯಲ್ಲಿ ಬೆಳಕು ಕೊಡುವುದು ಕಾರ್ಬನ್ನಿನ ಪುಟ್ಟ ಅಣುಗಳು. ಅಂಥವನ್ನು ಡಿಸೈನ್ ಮಾಡುವುದು ನನ್ನ ಹುಚ್ಚು. ಇಲ್ಲೊಂದು ಉಂಗುರ ಸೇರಿಸು, ಅಲ್ಲೊಂದು ನೈಟ್ರೋಜನ್ ಕೂರಿಸು, ಆಮೇಲೆ ಸ್ಪಿರಿಟ್ಟಿನಲ್ಲಿ ಕರಗಿಸಿ, ಪುಟ್ಟ ಬಾಟಲಿಗೆ ಹಾಕಿ ಯುವಿ ದೀಪ ಹಿಡಿದು ನೋಡು. ಕೆಂಪು, ಹಸಿರು ಹೇಗೋ ಬರುತ್ತವೆ. ಒಳ್ಳೆಯ ನೀಲಿ ಮಾತ್ರ ಮಹಾ ಹಠಮಾರಿ. ಎರಡು ವರ್ಷದಿಂದ ಅದರ ಬೆನ್ನು ಬಿದ್ದಿದ್ದೇನೆ. (ಪಾಠ ಮುಗಿಸಿ, ಉತ್ತರಪತ್ರಿಕೆ ತಿದ್ದಿ, ಉಳಿದ ಹೊತ್ತಿನಲ್ಲಿ.)

ಖುಷಿ ಯಾರಿಗಾದರೂ ಹೇಳಬೇಕಲ್ಲ? ಫ್ಯಾಮಿಲಿ ಗ್ರೂಪಿಗೆ ಫೋಟೋ ಹಾಕಿದೆ. ಅಕ್ಕ ಒಂದು ಹೆಬ್ಬೆಟ್ಟು ಒತ್ತಿದಳು. ಪಿಎಚ್‌ಡಿ ಗೈಡಿಗೆ ಕಳಿಸಿದೆ. "ಕಂಗ್ರಾಟ್ಸ್! ಲಗೂ ಪೇಪರ್ ಬರೀರಿ" ಅಂತ ಉತ್ತರ ಬಂತು. ಅಷ್ಟೇ. ಫೋನು ಕೆಳಗಿಟ್ಟಾಗ ಅಳು ಬಂತು. ಪಕ್ಕದಲ್ಲಿ ನಿಂತು ನೋಡುವವರು ಒಬ್ಬರಾದರೂ ಬೇಕಿತ್ತು.

ಲ್ಯಾಬ್ ಅಟೆಂಡರ್ ಗಂಗವ್ವ ಜಕ್ಕಲಿಯ ಬಸ್ಸು ಹಿಡಿಯಲು ಹೊರಟಿದ್ದಳು. ಅವಳನ್ನೇ ಕರೆದೆ. ಕಿಟಕಿ ಮುಚ್ಚಿ, ಬಾಟಲಿಗೆ ಯುವಿ ದೀಪ ಹಿಡಿದೆ.

"ಅಯ್ಯ, ಭಾಳ ಚಲೋ ಐತ್ರಿ ಮೇಡಂ!" ಅಂದಳು. ಬಾಗಿ ನೋಡುವಾಗ ದೀಪ ಅವಳ ತಿಳಿಬಣ್ಣದ ಸೆರಗಿನ ಮೇಲೆ ಬಿತ್ತು. "ನನ್ನ ಸೆರಗೂ ಹಂಗ ಹೊಳ್ಯಾಕತ್ತೈತಿ ನೋಡ್ರಿ!"

ಬಟ್ಟೆ ಬೆಳ್ಳಗೆ ಕಾಣಲೆಂದು ವಾಷಿಂಗ್ ಪೌಡರಿಗೂ ಇಂಥ ಹೊಳೆಯುವ ಅಣುಗಳನ್ನು ಬೆರೆಸಿರುತ್ತಾರೆ. ನನ್ನ ಬಾಟಲಿಗೂ ಅದೇ ತಗುಲಿದ್ದರೆ? ತೊಳೆದಿಟ್ಟಿದ್ದ ಇನ್ನೊಂದು ಬಾಟಲಿಗೆ ಬರೀ ಸ್ಪಿರಿಟ್ ಹಾಕಿ ದೀಪ ಹಿಡಿದೆ. ಅದೂ ನೀಲಿ.

"ಗಂಗವ್ವ, ಬಾಟ್ಲಿ ಯಾತರ್ಲೆ ತೊಳದಿ?"

"ಮನ್ಯಾಗಿನ ಪೌಡರ್ ತಂದ ತೊಳದೇನ್ರಿ. ಹೋದ ವಾರ ಇಲ್ಲಿ ಸೋಪ ಮುಗೀತು. ಹೇಳಾಕ ಎರಡ ಸಲ ಬಂದಿದ್ನಿರಿ. ನೀವು ಕಂಪ್ಯೂಟರ್ ನೋಡ್ಕೋತ, ಹೋಗು ಅಂತ ಕೈ ಮಾಡಿದ್ರಿ."

ಹೌದು, ಕೈ ಮಾಡಿದ್ದೆ. ನಾನೇ ಅಸಿಟೋನ್ ಹಾಕಿ ತೊಳೆದ ಬಾಟಲಿಗೆ ನನ್ನ ಅಣುವನ್ನು ಹೊಸದಾಗಿ ಹಾಕಿ ನೋಡಿದೆ. ಕತ್ತಲೆ. ಬರೀ ಕತ್ತಲೆ. "ತಪ್ಪಾಗಿದೆ ಸರ್, ಅದು ಸೋಪು" ಅಂತ ಗೈಡಿಗೆ ಮೆಸೇಜು ಹಾಕಿದೆ.

ಅಷ್ಟರಲ್ಲಿ ಗಂಗವ್ವನ ಬಸ್ಸು ತಪ್ಪಿತ್ತು. ಅವಳು ಗೊಣಗಲಿಲ್ಲ. ಸ್ಟೂಲು ಎಳೆದು ನನ್ನ ಪಕ್ಕ ಕೂತಳು. ಎರಡು ವರ್ಷದ ಕಥೆಯನ್ನೆಲ್ಲ ಅವಳಿಗೆ ಹೇಳಿಕೊಂಡೆ.

"ಎರಡ ವರ್ಷದಿಂದ ಇದನ್ನ ಮಾಡಾಕತ್ತೀರೇನ್ರಿ? ನಾ ಏನೋ ಹುಡುಗರ ಪರೀಕ್ಷಾದ ಕೆಲಸ ಅಂದಕೊಂಡಿದ್ನಿ. ಖರೇ ನೀಲಿ ಬಂದಾಗ ನನ್ನ ಕರೀರಿ ಮತ್ತ."

ಈ ಊರಿನಲ್ಲಿ ನನಗೆ ಮಾತಿಗೆ ಜನ ಇಲ್ಲ ಅಂತ ಈ ಅಂಕಣದಲ್ಲಿ ನಿಮ್ಮ ಮುಂದೆ ಎಷ್ಟು ವಾರ ಗೋಳಾಡಿಲ್ಲ? ಈಗ ನೀವೇ ಹೇಳಿ: ದಿನಾ ನನ್ನ ಬಾಟಲಿ ತೊಳೆಯುವವಳ ಜೊತೆ ಒಂದು ದಿನವೂ ಕೂತು ಮಾತಾಡದ ನಾನು ಒಂಟಿಯೋ, ಸೊಕ್ಕಿನವಳೋ?